ತುಳಿಯುವಾಗ ಮಾತು ಬರಬಾರದು

ಕತ್ತರಿ ಅಕ್ಕನ ಅಂಗಡಿ ಎಲ್ಲಿ ಎಂದು ಆ ಬೀದಿಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಣ್ಣದಂಗಡಿಯ ಪಕ್ಕದ ಕಿರುಬಾಗಿಲಲ್ಲಿ ನಿಂತು ಒಂದು ಗಳಿಗೆ ಕಿವಿಗೊಟ್ಟರೆ ಸಾಕು, ಅವಳ ಮಾತೇ ಇಳಿದುಬಂದು ಕೈಹಿಡಿದು ಮೂವತ್ತೆಂಟು ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತಿತ್ತು. ಮೇಲೆ ಒಂದೇ ಕೋಣೆ. ಕಿಟಕಿಗೆ ಮುಖಮಾಡಿದ, ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್. ಗೋಡೆಗೊತ್ತಿದ ಕತ್ತರಿಸುವ ಮೇಜು. ಮೊಳೆಗಳಿಗೆ ನೇತುಹಾಕಿದ ಅರ್ಧ ಹೊಲಿದ ಕೋಟು, ಪ್ಯಾಂಟು, ಮಕ್ಕಳ ಫ್ರಾಕು. ಮೂಲೆಯಲ್ಲಿ ಒಂದು ಬೆಂಚು. ಆ ಬೆಂಚಿನ ಮೇಲೆ ಬಟ್ಟೆ ಕೊಡಲು ಬಂದವರಿಗಿಂತ ಸುಮ್ಮನೆ ಕೂರಲು ಬಂದವರೇ ಹೆಚ್ಚು. ಗಂಡನೊಡನೆ ಮುನಿಸಿಕೊಂಡು ಬಂದವರುಂಟು, ಕೆಲಸ ಹೋಗಿ ಮನೆಯಲ್ಲಿ ಹೇಳಲಾರದೆ ಬಂದವರುಂಟು. ಅಕ್ಕ ಎಲ್ಲರನ್ನೂ ಬೈಯುತ್ತಿದ್ದಳು, ನಗಿಸುತ್ತಿದ್ದಳು, ಹೊಲಿಯುತ್ತಿದ್ದಳು, ಮೂರೂ ಒಟ್ಟಿಗೇ. ಕೈಯಲ್ಲಿದ್ದ ಕತ್ತರಿ ಹರಿತವೋ ಬಾಯಲ್ಲಿದ್ದದ್ದು ಹರಿತವೋ ಎಂಬುದು ಕೊನೆಗೂ ಇತ್ಯರ್ಥವಾಗದೆ, ಆ ಹೆಸರೇ ಅವಳಿಗೆ ಅಂಟಿಕೊಂಡಿತ್ತು.

ಮಷಿನ್‌ಗೆ ಮೋಟಾರು ಹಾಕಿಸಿಕೋ ಎಂದು ಹೇಳಿದವರು ಒಬ್ಬಿಬ್ಬರಲ್ಲ. "ಮೋಟಾರು ಹಾಕಿದ್ರೆ ಅದು ಓಡಿದ ಹಾಗೆ ನಾನು ಓಡ್ಬೇಕು. ಈಗ ನಾನು ಓಡ್ಸಿದ ಹಾಗೆ ಅದು ಓಡುತ್ತೆ," ಎನ್ನುತ್ತಿದ್ದಳು. ಆ ಮಷಿನ್ ಅವಳ ದೊಡ್ಡಕ್ಕನದು. ತಾಯಿ ಇಲ್ಲದ ಮನೆಯಲ್ಲಿ ದೊಡ್ಡಕ್ಕನೇ ಇವಳ ತಲೆ ಬಾಚಿ, ಇವಳಿಗೆ ಗುಂಡಿ ಹಾಕುವುದು ಕಲಿಸಿ, ಹದಿನಾರಕ್ಕೆ ಮಷಿನ್ ಮುಂದೆ ಕೂರಿಸಿದ್ದು.

ಅವಳ ಯಜಮಾನರು ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಎಷ್ಟು ಮಾತೋ ಅವರು ಅಷ್ಟು ಮೌನ. "ಇವ್ರ ತಪ್ಪಲ್ಲ ಬಿಡಿ," ಎಂದು ಅಕ್ಕ ಬೆಂಚಿನವರಿಗೆ ಹೇಳುತ್ತಿದ್ದಳು. "ಮೂವತ್ತೊಂದು ವರ್ಷ ತಲೆ ಮೇಲೆ 'ಚಾಲಕರೊಡನೆ ಮಾತನಾಡಬೇಡಿ' ಅಂತ ಬೋರ್ಡು ಹಾಕ್ಕೊಂಡು ಕೂತಿದ್ರು. ಬಸ್ಸು ಬಿಟ್ರು, ಬೋರ್ಡು ಬಿಡ್ಲಿಲ್ಲ."

ಒಂಬತ್ತು ವರ್ಷದ ಹಿಂದೆ ಅವಳಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಸುದ್ದಿ ಕೇಳಿದ ಬಣ್ಣದಂಗಡಿಯವನು, "ಬಾಯಿ ಇಷ್ಟು ಖಾರ, ರಕ್ತ ಹೇಗಕ್ಕಾ ಸಿಹಿ ಆಯ್ತು?" ಎಂದು ಕೇಳಿ ಬೈಸಿಕೊಂಡಿದ್ದ. ಮಾತ್ರೆ ನುಂಗಿದಳು, ಚಹಾಕ್ಕೆ ಸಕ್ಕರೆ ಬಿಟ್ಟಳು, ಕಾಯಿಲೆ ಮನೆಯ ನೆಂಟನಂತೆ ಒಂದು ಮೂಲೆ ಹಿಡಿದು ಕುಳಿತುಕೊಂಡಿತು. ಅದು ಅಲ್ಲಿಂದೆದ್ದು ಎದೆಯೊಳಕ್ಕೆ ಹೋದದ್ದು ಯಾವಾಗ ಎಂಬುದು ಅವಳಿಗೂ ತಿಳಿಯಲಿಲ್ಲ.

ಮೊದಲು ಮೆಟ್ಟಿಲಿನ ತಿರುವಿನಲ್ಲಿ ಒಮ್ಮೆ ನಿಲ್ಲುವಂತಾಯಿತು. ಆಮೇಲೆ ಎರಡು ಸಲ, ಆಮೇಲೆ ಮೂರು. ನಿಂತದ್ದು ಯಾರಿಗೂ ಗೊತ್ತಾಗಬಾರದೆಂದು ಅಕ್ಕ ಒಂದು ಉಪಾಯ ಮಾಡಿದ್ದಳು. ಹನ್ನೆರಡನೇ ಮೆಟ್ಟಿಲಿನಲ್ಲಿ ತಿರುಗಿ, ಕೆಳಗಿದ್ದ ಬಣ್ಣದಂಗಡಿಯವನ ಜೊತೆ ಜಗಳ ತೆಗೆಯುವುದು. "ಏನಯ್ಯಾ, ಈ ಡಬ್ಬ ದಾರಿಗೆ ಅಡ್ಡ ಇಟ್ಟಿದೀಯ?" ಎಂದು ಕೂಗಿದರೆ ಅವನು ಉತ್ತರ ಕೊಡಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದ. ಆ ಅರ್ಧ ನಿಮಿಷ ಅವಳದು, ಉಸಿರಿಗೆ. ಡಬ್ಬ ಅಡ್ಡ ಇಲ್ಲದ ದಿನವೂ ಬೈಗುಳ ಬಂದಾಗ ಬಣ್ಣದಂಗಡಿಯವನಿಗೆ ಅನುಮಾನ ಬಂತು. ಅವನು ಅಂಚೆಕಚೇರಿಯಲ್ಲಿ ಕೆಲಸ ಮಾಡುವ ಅವಳ ಮಗಳಿಗೆ ಹೇಳಿಯೂಬಿಟ್ಟ. ಮಗಳು ಮರುದಿನವೇ ರಜೆ ಹಾಕಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಎದೆಯ ಸ್ಕ್ಯಾನ್ ಆಯಿತು. ಡಾಕ್ಟರು ಮುಷ್ಟಿ ಬಿಗಿದು ತೋರಿಸಿದರು.

"ಹೃದಯಕ್ಕೆ ಎರಡು ಕೆಲಸ ಅಮ್ಮ. ಹೀಗೆ ಹಿಂಡೋದು ಒಂದು." ಬೆರಳು ಬಿಡಿಸಿದರು. "ಹೀಗೆ ಸಡಿಲ ಬಿಟ್ಟು ರಕ್ತ ತುಂಬಿಸ್ಕೊಳ್ಳೋದು ಇನ್ನೊಂದು. ನಿಮ್ಮದು ಹಿಂಡೋದು ಚೆನ್ನಾಗೇ ಹಿಂಡುತ್ತೆ. ಸಡಿಲ ಬಿಡೋದು ಮಾತ್ರ ಸರಿಯಾಗಿ ಆಗ್ತಿಲ್ಲ. ಟೈಪ್ ಟೂ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದೋರಲ್ಲಿ ಹೃದಯದ ಗೋಡೆ ಹೀಗೆ ಬಿಗಿ ಆಗೋದುಂಟು. ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ಬರೋದು ಅದಕ್ಕೇ."

"ಅಂದ್ರೆ ತೊಳೆದ ಮೇಲೆ ಕುಗ್ಗಿದ ಬಟ್ಟೆ," ಎಂದಳು ಅಕ್ಕ. "ಹೊಲಿಗೆ ಬಿಚ್ಚಿ ಅಗಲ ಮಾಡ್ಬಹುದು ಡಾಕ್ಟ್ರೇ. ಒಳಗೆ ಮಡಿಸಿ ಬಟ್ಟೆ ಬಿಟ್ಟಿದಾರೋ ಇಲ್ವೋ, ಅದನ್ನ ಮೊದಲು ನೋಡಿ."

ಡಾಕ್ಟರು ನಕ್ಕರು. "ಅದನ್ನೇ ನೋಡೋದು ಈಗ. ಮೆಲ್ಲಗೆ ನಡೆಯೋದು ಸಕ್ಕರೆಗೆ ಒಳ್ಳೇದೇ. ಆದ್ರೆ ಈ ಬಿಗಿ ಬಿಡಿಸೋಕೆ ಅದಷ್ಟೇ ಸಾಲದು ಅನ್ಸುತ್ತೆ. ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ಮೆಲ್ಲಗೆ, ಮತ್ತೆ ಜೋರಾಗಿ ಸೈಕಲ್ ತುಳಿದ ಕೆಲವರಿಗೆ ಮೂರು ತಿಂಗಳಲ್ಲಿ ಹೃದಯ ಸುಧಾರಿಸಿದೆ. ಎಲ್ಲರಿಗೂ ಆಗುತ್ತೆ ಅಂತ ನಾನು ಹೇಳಲ್ಲ. ನೀವೇ ಮನೇಲಿ ಶುರು ಮಾಡ್ಕೊಳ್ಳೋ ಹಾಗೂ ಇಲ್ಲ. ನಿಮ್ಮ ಎದೆ ಅದನ್ನ ತಡೆಯುತ್ತಾ ಅಂತ ಪರೀಕ್ಷೆ ಮಾಡ್ತೀವಿ. ತಡೆದ್ರೆ ವಾರಕ್ಕೆ ಮೂರು ದಿನ ಇಲ್ಲೇ, ನಮ್ಮ ಕಣ್ಣೆದುರಿಗೇ."

"ನಾನು ದಿನಾ ಎಂಟು ಗಂಟೆ ಮಷಿನ್ ತುಳೀತೀನಲ್ಲ?"

"ಆ ತುಳಿತ ಬೇರೆ, ಈ ತುಳಿತ ಬೇರೆ."

ಪರೀಕ್ಷೆಯಲ್ಲಿ ಎದೆ ತಡೆಯಿತು. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ತಡೆಯಲಿಲ್ಲ. "ಅಂಗಡಿ ಮುಚ್ಚಮ್ಮ. ಮಷಿನ್ ನಮ್ಮ ಮನೆ ಹಿಂದಿನ ಕೋಣೇಲಿ ಇಡೋಣ. ಮೆಟ್ಟಿಲಿಲ್ಲ, ಓಡಾಟ ಇಲ್ಲ. ನಿಂಗೆ ಏನಾದ್ರೂ ಆದ್ರೆ ನಾನು ಯಾರನ್ನ ಅಮ್ಮ ಅಂತ ಕರೀಲಿ?" ಎನ್ನುತ್ತ ಕಣ್ಣೊರೆಸಿಕೊಂಡಳು.

ಮಗಳ ಮನೆಯ ಹಿಂದಿನ ಕೋಣೆಯನ್ನು ಅಕ್ಕ ಬಲ್ಲಳು. ಕಿಟಕಿ ತೆರೆದರೆ ನೀರಿನ ಟ್ಯಾಂಕು. ಅಲ್ಲಿ ಬೆಂಚು ಹಾಕಬಹುದು, ಕೂರುವವರನ್ನು ಎಲ್ಲಿಂದ ತರುವುದು? ಅವಳು ಮಗಳ ಕೈ ಹಿಡಿದುಕೊಂಡು ಹೇಳಿದಳು, "ಮೂರು ತಿಂಗಳು ಕೊಡು. ಮುಂದಿನ ಸ್ಕ್ಯಾನಲ್ಲಿ ಎದೆ ಸಡಿಲ ಆಗಿಲ್ಲ ಅಂದ್ರೆ ನಾನೇ ಬೀಗ ಹಾಕಿ ಬೀಗದಕೈ ನಿನ್ನ ಕೈಗೆ ಕೊಡ್ತೀನಿ. ಒಂದು ಮಾತಾಡಲ್ಲ."

"ನೀನು? ಒಂದು ಮಾತಾಡಲ್ಲ?" ಎಂದಳು ಮಗಳು, ಅಳುವಿನ ನಡುವೆಯೇ.

ವ್ಯಾಯಾಮದ ಕೋಣೆ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ. ಆರು ಸೈಕಲ್ಲು, ಚಕ್ರವಿದ್ದರೂ ಎಲ್ಲಿಗೂ ಹೋಗದಂಥವು, ಗೋಡೆಯ ಗಡಿಯಾರದ ಕಡೆಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವಳು ಬಿಳಿ ಕೋಟಿನ ಒಬ್ಬ ಹುಡುಗಿ. ಎಲ್ಲರೂ ಅವಳನ್ನು ವ್ಯಾಯಾಮದ ಮೇಡಂ ಎನ್ನುತ್ತಿದ್ದರು. ಅಕ್ಕ ಮೊದಲ ದಿನ ಬಾಗಿಲಲ್ಲಿ ಕಾಲಿಟ್ಟದ್ದೇ ಮಾತಿನೊಂದಿಗೆ. ಸೈಕಲ್ಲಿನ ಸೀಟಿನ ಹೊಲಿಗೆ ಸರಿಯಿಲ್ಲ, ಪರದೆ ಗಿಡ್ಡ ಹೊಲಿದಿದ್ದಾರೆ, ಗಡಿಯಾರ ಎರಡು ನಿಮಿಷ ಹಿಂದಿದೆ. ತುಳಿಯುತ್ತಿದ್ದ ಐದೂ ಜನ ತಿರುಗಿ ನೋಡಿದರು. ಒಬ್ಬ ಮುದುಕ ನಗು ತಡೆಯಲಾರದೆ ತುಳಿಯುವುದನ್ನೇ ನಿಲ್ಲಿಸಿದ.

ಹುಡುಗಿ ಬಂದು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು, ಪಾದ ತಿರುಗಿಸಿ ಗಾಯವಿದೆಯೇ ಎಂದು ನೋಡಿದಳು, ಸೈಕಲ್ಲಿಗೆ ಹತ್ತಿಸಿದಳು. ಆಮೇಲೆ ಹೇಳಿದಳು: "ಅಕ್ಕ, ನೀವು ತಗೊಳ್ಳೋ ಬಿಪಿ ಮಾತ್ರೆ ಎದೆಬಡಿತ ಏರೋಕೆ ಬಿಡಲ್ಲ. ಹಾಗಾಗಿ ಬಡಿತದ ಅಂಕಿ ನಂಬೋ ಹಾಗಿಲ್ಲ. ನಮಗಿರೋ ಗುರುತು ಒಂದೇ. ಜೋರಾಗಿ ತುಳಿಯೋ ನಾಲ್ಕು ನಿಮಿಷ ಮಾತು ಬರಬಾರದು. ಆಮೇಲೆ ಮೂರು ನಿಮಿಷ ಮೆಲ್ಲಗೆ. ಹೀಗೆ ನಾಲ್ಕು ಸಲ. ಪೆಡಲಿನ ಭಾರ ಏರಿಸೋ ಗುಂಡಿ ನೀವೇ ತಿರುಗಿಸ್ಕೊಳ್ಳಿ. ತುಳಿಯುವಾಗ ಮಾತು ಬರಬಾರದು. ನೆನಪಿರ್ಲಿ."

ಅಕ್ಕನ ಮುಖ ಕೆಂಪಾಯಿತು. ಐದು ಜನರ ಮುಂದೆ, ಮಗಳಿಗಿಂತ ಚಿಕ್ಕವಳೊಬ್ಬಳು, ಬಾಯಿ ಮುಚ್ಚಿಕೋ ಎಂದು ಇಷ್ಟು ಮರ್ಯಾದೆಯಿಂದ ಹೇಳಿದಳಲ್ಲ! ಬೇರೆ ಯಾರಾದರೂ ಹೇಳಿದ್ದರೆ ತಕ್ಕ ಉತ್ತರ ಸಿಗುತ್ತಿತ್ತು. ಆದರೆ ಅಂಗಡಿಯ ಬೀಗದಕೈ ಪಣಕ್ಕಿತ್ತು. ಅಕ್ಕ ತುಟಿ ಒತ್ತಿ ಮುಚ್ಚಿದಳು. ಗುಂಡಿಯನ್ನು ಎರಡರ ಗುರುತಿಗೆ ತಂದಳು. ಮಷಿನ್ ತುಳಿದ ಹದದಲ್ಲೇ, ಒಂದೇ ಸಮನೆ, ಅಂದವಾಗಿ ತುಳಿಯತೊಡಗಿದಳು.

ನಾಲ್ಕು ನಿಮಿಷದ ನಡುವೆ ಹುಡುಗಿ ಹಾಳೆ ಹಿಡಿದುಕೊಂಡು ಬಂದು ಕೇಳಿದಳು, "ಅಕ್ಕ, ಮಾತು ಬರ್ತಾ ಇದೆಯಾ?"

ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ಹುಡುಗಿ ಸರಿ ಗುರುತು ಹಾಕಿ ಮುಂದಿನ ಸೈಕಲ್ಲಿಗೆ ಹೋದಳು.

ಹೀಗೆ ಒಂದು ವಾರ ನಡೆಯಿತು. ಎರಡನೇ ವಾರ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು. ತುಳಿಯುವಾಗ ಮಾತಾಡಿದರೆ ಉಸಿರು ಎದೆಗೆ ಸೇರುವ ಬದಲು ಬಾಯಿಂದ ಸೋರಿಹೋಗುತ್ತದೆ, ಅದಕ್ಕೇ ಬೇಡ ಅಂದಿರಬೇಕು. ಹಾಗಿದ್ದರೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಅಲ್ಲಿ ಉಳಿಸಿ, ಇಲ್ಲಿ ಮಷಿನ್ ಮುಂದೆ ದಿನಾ ಎಂಟು ಗಂಟೆ ಸೋರಿಸಿದರೆ ಏನು ಬಂತು? ತುಳಿತ ಎಂದರೆ ತುಳಿತವೇ. ಅಂದಿನಿಂದ ಅಂಗಡಿಯಲ್ಲೂ ಬಾಯಿಗೆ ಬೀಗ ಬಿತ್ತು.

ಪೂರ್ತಿ ಬೀಗವಲ್ಲ. ಕಾಲು ಎತ್ತಿದರೆ ಮಾತು, ಕಾಲಿಟ್ಟರೆ ಮೌನ. ಬೆಂಚಿನ ಮೇಲೆ ಕುಳಿತವರು ಏನೋ ಕೇಳಿದರೆ ಮಷಿನ್ ನಿಲ್ಲುತ್ತಿತ್ತು, ಕಾಲು ಗಾಳಿಯಲ್ಲಿ ಏಳುತ್ತಿತ್ತು, ಉತ್ತರ ಬರುತ್ತಿತ್ತು. ಕಾಲು ಇಳಿಯುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಪ್ಯಾಂಟಿಗೆ ಹಿಡಿಯುವ ಹೊತ್ತಿನಲ್ಲಿ ಒಂದು ಕಾಲೂ ಮುಗಿಯದು. ಬಟ್ಟೆ ಕೊಟ್ಟವರು ಗೊಣಗಿದರು. ಬೀದಿಯಲ್ಲಿ ಗುಸುಗುಸು ಶುರುವಾಯಿತು. ಅಕ್ಕನಿಗೆ ನಾಲಿಗೆ ಬಿದ್ದುಹೋಗಿದೆಯಂತೆ ಎಂದರು ಕೆಲವರು. ಗಂಡ ಹೆಂಡತಿಗೆ ದೊಡ್ಡ ಜಗಳವಂತೆ ಎಂದರು ಇನ್ನು ಕೆಲವರು. ಎಂದೂ ಮೇಲೆ ಬರದ ಬಣ್ಣದಂಗಡಿಯವನು ಒಂದು ಮಧ್ಯಾಹ್ನ ಮೂವತ್ತೆಂಟೂ ಮೆಟ್ಟಿಲು ಹತ್ತಿಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಕೆಳಗೆ ಗಿರಾಕಿಗಳು ದಾರಿ ತಪ್ತಾ ಇದಾರೆ. ನಿಮ್ಮ ದನಿ ಇಲ್ದೆ ಅಂಗಡಿ ಎಲ್ಲಿ ಅಂತ ನನ್ನ ಕೇಳ್ತಾರೆ. ನಾನೇನು ಬಣ್ಣ ಮಾರ್ಲಾ, ದಾರಿ ತೋರಿಸ್ತಾ ಕೂರ್ಲಾ?"

ಅಕ್ಕ ಕಾಲೆತ್ತಿದಳು. "ಕಾಲು ಎತ್ತಿರೋವಾಗ ಬೇಗ ಬೇಗ ಹೇಳಯ್ಯ, ಏನು ಬೇಕು?"

"ಏನೂ ಬೇಡ. ಒಂದು ಸಲ ಬೈದ್ಬಿಡಿ, ಮನಸ್ಸಿಗೆ ಸಮಾಧಾನ ಆಗ್ಲಿ."

ದಿನವಿಡೀ ಬಿಗಿಹಿಡಿದ ಬಾಯಿ ಮನೆಗೆ ಬಂದರೂ ಬಿಚ್ಚದಾಯಿತು. ಯಜಮಾನರು ಎರಡು ದಿನ ನೋಡಿದರು, ಮೂರು ದಿನ ನೋಡಿದರು. ನಾಲ್ಕನೇ ದಿನ ಚಹಾ ಲೋಟ ಕೆಳಗಿಟ್ಟು, "ಏನೇ ಇದು, ನನ್ನ ಬೋರ್ಡು ತಗೊಂಡು ನೀನು ನೇತುಹಾಕ್ಕೊಂಡ್ಯಾ?" ಎಂದರು. ಆ ವಾರವೆಲ್ಲ ಅವರು ಆಡಿದ ಅತಿ ಉದ್ದನೆಯ ಮಾತು ಅದು.

ಆರನೇ ವಾರದ ಕೊನೆಯಲ್ಲಿ ಮಧ್ಯಾವಧಿ ಪರೀಕ್ಷೆ ಇತ್ತು. ಸೈಕಲ್ಲಿನ ಮೇಲೆ ಕೂರಿಸಿ ಭಾರ ಏರಿಸುತ್ತ ಹೋದರು. ಮೊದಲ ಸಲ ಎಲ್ಲಿ ಸೋತಿದ್ದಳೋ ಈಗಲೂ ಅಲ್ಲೇ ಸೋತಳು. ಒಂದು ಕೂದಲೆಳೆಯಷ್ಟೂ ಮುಂದೆ ಹೋಗಿರಲಿಲ್ಲ. ಡಾಕ್ಟರು ಹಾಳೆ ತಿರುವಿದರು, ಹುಬ್ಬು ಗಂಟಿಕ್ಕಿದರು. ಹಾಳೆಯ ತುಂಬ ಸರಿ ಗುರುತು.  ಮನೆಗೆ ಹೋಗುವ ದಾರಿಯಲ್ಲಿ ಮಗಳು, "ಹಿಂದಿನ ಕೋಣೆಗೆ ಬಣ್ಣ ಹೊಡೆಸ್ತೀನಮ್ಮ. ನಿಂಗೆ ಯಾವ ಬಣ್ಣ ಇಷ್ಟ?" ಎಂದಳು. 

ಮುಂದಿನ ಸಲ ವ್ಯಾಯಾಮದ ಹುಡುಗಿ ಹಾಳೆ ಪಕ್ಕಕ್ಕಿಟ್ಟು ಅಕ್ಕನ ಸೈಕಲ್ಲಿನ ಎದುರಿಗೇ ಬಂದು ನಿಂತಳು. ನೆಟ್ಟ ನೋಟದಿಂದ ಎರಡು ನಿಮಿಷ ನೋಡಿದಳು. ಬೆವರಿಲ್ಲ, ಏದುಸಿರಿಲ್ಲ.

"ಅಕ್ಕ, ನಿಮ್ಮ ಅಂಗಡಿ ಎಲ್ಲಿದೆ ಹೇಳಿ."

ಅಕ್ಕ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು.

"ಪರವಾಗಿಲ್ಲ, ಹೇಳಿ."

"ಏನಮ್ಮಾ ಇದು, ನೀನೇ ತಾನೇ ಹೇಳಿದ್ದು ಮಾತು ಬರಬಾರದು ಅಂತ? ಐದು ಜನರ ಮುಂದೆ ಹೇಳ್ದೆ, ಆಯ್ತಪ್ಪಾ ಅಂತ ಕೇಳ್ದೆ, ಆರು ವಾರ, ಆರು ವಾರ ಬಾಯಿ ಹೊಲ್ಕೊಂಡು ಕೂತಿದೀನಿ, ಇಲ್ಲೂ ಇಲ್ಲ ಅಂಗಡೀಲೂ ಇಲ್ಲ, ಗಿರಾಕಿಗಳೆಲ್ಲ ನಾಲಿಗೆ ಬಿದ್ದೋಗಿದೆ ಅಂತ ಹಬ್ಬಿಸಿದಾರೆ, ಬಣ್ಣದಂಗಡಿಯವನು ಬೈಸ್ಕೊಳ್ಳೋಕೆ ಮೇಲಕ್ಕೆ ಹತ್ತಿ ಬರ್ತಾನೆ, ನಮ್ಮ ಯಜಮಾನ್ರು ಮಾತಾಡೋಕೆ ಶುರು ಮಾಡಿದಾರೆ, ಇಷ್ಟೆಲ್ಲ ಮಾಡಿ ಎದೆ ಹಾಗೇ ಇದೆ ಅಂದ್ರೆ..."

ಆರು ವಾರದ ಮಾತು ಕಟ್ಟೆಯೊಡೆದು ಹರಿಯಿತು. ಕಾಲು ತುಳಿಯುತ್ತಲೇ ಇತ್ತು. ಎಲ್ಲೂ ಉಸಿರಿಗೆ ನಿಲ್ಲಲಿಲ್ಲ, ಎಲ್ಲೂ ತಡವರಿಸಲಿಲ್ಲ. ಹುಡುಗಿಯ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು.

"ಅಯ್ಯೋ ಅಕ್ಕ," ಎಂದಳು. "ಮಾತು ಬರಬಾರದು ಅಂದ್ರೆ ಆಡಬಾರದು ಅಂತ ಅಲ್ಲ. ಆಡೋಕೆ ಆಗಬಾರದು ಅಂತ! ಅಷ್ಟು ಜೋರಾಗಿ ತುಳೀಬೇಕು, ಬೇಕು ಅಂದ್ರೂ ಮಾತು ಹೊರಗೆ ಬರಬಾರದು. ನೀವು ತಲೆಯಾಡ್ಸಿದ್ರಿ, ನಾನು ಗುರುತು ಹಾಕ್ತಾನೇ ಹೋದೆ."

ಮುದುಕ ಈ ಸಲ ಸೈಕಲ್ಲಿನಿಂದ ಇಳಿದೇ ನಕ್ಕ. ಅಕ್ಕನಿಗೂ ನಗು ಬಂತು, ಹುಡುಗಿಗೂ ಬಂತು. ಹುಡುಗಿ ಗುಂಡಿಯನ್ನು ಎರಡರಿಂದ ಐದಕ್ಕೆ ತಿರುಗಿಸಿದಳು. "ಈಗ ತುಳೀರಿ. ನಾನಿಲ್ಲೇ ಇದೀನಿ."

ಮೊದಲ ನಿಮಿಷ ತೊಡೆ ಕಾದಿತು. ಎರಡನೇ ನಿಮಿಷಕ್ಕೆ ಎದೆ ಒಳಗಿನಿಂದ ಗುದ್ದತೊಡಗಿತು. ಕತ್ತಿನಲ್ಲಿ, ಕಿವಿಯಲ್ಲಿ, ಕಣ್ಣಿನ ಹಿಂದೆ ಅದೇ ಗುದ್ದು. ಅಕ್ಕನ ಮುಖದ ನಗು ಆರಿತು. ಕಾಲು ನಿಂತಿತು. ಇಳಿದಳು. "ಸಾಕು," ಎಂದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅದರ ಮುಂದಿನ ಸಲ ಆಸ್ಪತ್ರೆಗೆ ಹೋಗಲಿಲ್ಲ. ಆ ಮುಂದಿನ ಸಲವೂ ಹೋಗಲಿಲ್ಲ. ಅಂಗಡಿಯಲ್ಲಿ ಈಗ ಮಾತಾಡಲು ಅಡ್ಡಿಯಿರಲಿಲ್ಲ, ಆದರೂ ಮಾತು ಹುಟ್ಟುತ್ತಿರಲಿಲ್ಲ. ಎರಡನೇ ದಿನ ಸಂಜೆ ಯಜಮಾನರು ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತರು. ಏನೂ ಕೇಳಲಿಲ್ಲ. ಸುಮ್ಮನೆ ಕುಳಿತವರ ಬಳಿ ಮಾತು ತಾನಾಗಿ ಬರುತ್ತದೆಂಬುದನ್ನು ಅವರು ಆ ಬೆಂಚಿನಿಂದಲೇ ಕಲಿತಿದ್ದರು.

"ರೀ, ದೊಡ್ಡಕ್ಕ ಹೋದ ದಿನ ನೀವು ಬಸ್ಸಲ್ಲಿದ್ರಿ," ಎಂದಳು ಅಕ್ಕ. "ನಾನೊಬ್ಳೇ ಇದ್ದೆ. ಅವಳಿಗೂ ಇದೇ ಕಾಯಿಲೆ. ಮೆಲ್ಲಗೆ, ಮೆಲ್ಲಗೆ ಅಂತ ಹತ್ತು ವರ್ಷ ಅವಳ ಕೈಯಿಂದ ಬಕೆಟ್ಟು ಕಿತ್ಕೊಂಡೆ, ಪೊರಕೆ ಕಿತ್ಕೊಂಡೆ. ಈ ಮಷಿನ್ನೂ ಕಿತ್ಕೊಂಡೆ, ತುಳೀಬೇಡ ನೀನು, ಕೂತ್ಕೋ ಅಂತ. ಕೂತೇ ಇದ್ಲು. ಕುರ್ಚೀಲಿ ಕೂತಿದ್ದ ಹಾಗೇ ನನ್ನ ಕೈ ಎಳೆದು ಎದೆ ಮೇಲೆ ಇಟ್ಕೊಂಡ್ಲು. 'ನೋಡೇ, ಹೇಗೆ ಹೊಡ್ಕೋತಾ ಇದೆ' ಅಂದ್ಲು. ಅಷ್ಟೇ. ಮೊನ್ನೆ ಸೈಕಲ್ ಮೇಲೆ ನನ್ನ ಎದೇಲಿ ಅದೇ ಹೊಡೆತ ಕೇಳಿಸ್ತು. ಅದು ಹೊಡ್ಕೊಂಡ್ರೆ ಮನುಷ್ಯ ಹೋದ ಹಾಗೆ. ಬಾಯಿ ಮುಚ್ಕೊಂಡು ಮೆಲ್ಲಗೆ ತುಳೀತಿದ್ನಲ್ಲ, ನಂಗೆ ಒಳಗೊಳಗೇ ಅದೇ ಹಿತವಾಗಿತ್ತು. ತಪ್ಪು ಕೇಳಿಸ್ಕೊಂಡೆ ನಿಜ. ಆದ್ರೆ ಸರಿಯಾಗಿ ಕೇಳಿಸ್ಕೊಳ್ಳೋಕೆ ಮನಸ್ಸೂ ಇರ್ಲಿಲ್ಲ."



"ಇವಳೇ, ಕೇಳು," ಎಂದರು ಯಜಮಾನರು. "ನಾನು ದೇಹದ ಬಗ್ಗೆ ಓದಿದೋನಲ್ಲ. ಇಂಜಿನ್ನು ಗೊತ್ತು. ಏರು ರಸ್ತೇಲಿ, ಬಸ್ಸು ತುಂಬ ಜನ ಇರುವಾಗ ಇಂಜಿನ್ನು ಕೂಗ್ಬೇಕು. ಕೂಗದೇ ಇದ್ರೆ ನಂಗೆ ಭಯ ಆಗ್ತಿತ್ತು. ನಿಂತಲ್ಲೇ ನಿಂತಿರೋ ಬಸ್ಸಿನ ಇಂಜಿನ್ನು ಕೂಗಿದ್ರೆ, ಅದು ಕಾಯಿಲೆ. ದೊಡ್ಡಕ್ಕನ ಎದೆ ಕೂತಲ್ಲೇ ಕೂಗ್ತು. ನಿಂದು ಏರಿನಲ್ಲಿ ಕೂಗಿದೆ. ಇಳಿದ ಮೇಲೆ ಎಷ್ಟು ಹೊತ್ತಿಗೆ ತಣ್ಣಗಾಯ್ತು?"

ಅಕ್ಕ ಯೋಚಿಸಿದಳು. "ಬಸ್ ನಿಲ್ದಾಣಕ್ಕೆ ಬರೋ ಹೊತ್ತಿಗೆ ಏನೂ ಇರ್ಲಿಲ್ಲ."

"ನೋಡು ಮತ್ತೆ."

ಮಾರನೇ ದಿನ ಇಬ್ಬರೂ ಒಟ್ಟಿಗೆ ಡಾಕ್ಟರ ಬಳಿ ಹೋದರು. ಕೂತಲ್ಲಿ ಎದೆ ಹೊಡೆದುಕೊಂಡರೆ, ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ಕ್ಷಣ ನಿಲ್ಲಿಸಿ ಹೇಳಬೇಕು, ತುಳಿದು ಏದುಸಿರು ಬಂದರೆ ಹೆದರಬೇಕಾಗಿಲ್ಲ ಎಂದು ಡಾಕ್ಟರೂ ಹೇಳಿದರು. ಮೂರು ತಿಂಗಳ ಲೆಕ್ಕವನ್ನು ಮೊದಲಿಂದ ಹಿಡಿದರು. ಮಗಳು ಒಪ್ಪಲು ಒಂದು ಷರತ್ತು ಹಾಕಿದಳು: ಅಪ್ಪ ಪ್ರತಿ ಸಲವೂ ಜೊತೆಗೆ ಹೋಗಬೇಕು.

ಹಾಗೆ ಅವರು ಸೈಕಲ್ಲಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ನಾಲ್ಕು ನಿಮಿಷ ಎಂಬುದು ಎಷ್ಟು ಉದ್ದ ಎಂಬುದು ಅಕ್ಕನಿಗೆ ಆಗ ತಿಳಿಯಿತು. ಒಂದು ಕಾಲರ್ ಕೂರಿಸಲು ಅಷ್ಟು ಹೊತ್ತು ಅವಳಿಗೆ ಸಾಲುತ್ತಿರಲಿಲ್ಲ. ಇಲ್ಲಿ ಮುಳ್ಳು ಗಡಿಯಾರಕ್ಕೆ ಅಂಟಿಕೊಂಡಂತೆ ನಿಲ್ಲುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಅಷ್ಟು ಜನರ ಮುಂದೆ ಬಾಯಿ ತೆರೆದು ಏದುವುದೆಂದರೆ ಮೊದಮೊದಲು ನಾಚಿಕೆಯಾಗಿ ಸಾಯುವಂತಾಗುತ್ತಿತ್ತು. ಹುಡುಗಿ ಬಂದು ಕೇಳುತ್ತಿದ್ದಳು, "ಅಕ್ಕ, ಅಂಗಡಿ ಎಲ್ಲಿದೆ?"

"ಬಣ್ಣ... ದಂಗ..." ಎನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು.

"ಸರಿಯಾಗಿದೆ," ಎನ್ನುತ್ತಿದ್ದಳು ಹುಡುಗಿ. ಮೆಲ್ಲಗೆ ತುಳಿಯುವ ಮೂರು ನಿಮಿಷದಲ್ಲಿ ಅಕ್ಕ ಉಳಿದ ವಿಳಾಸವನ್ನೂ, ಅದರ ಜೊತೆ ಬಣ್ಣದಂಗಡಿಯವನ ಇಡೀ ಜಾತಕವನ್ನೂ ಹೇಳಿ ಮುಗಿಸುತ್ತಿದ್ದಳು.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಂದು ದಿನ ಬೆಳಗ್ಗೆ ಸರಿಯಾಗಿ ತಿನ್ನದೆ ಬಂದಿದ್ದಳು. ಸಕ್ಕರೆ ಕೆಳಗಿಳಿದಿದೆ ಎಂದು ಹುಡುಗಿ ಸೈಕಲ್ ಹತ್ತಲು ಬಿಡಲಿಲ್ಲ, ಹಣ್ಣಿನ ರಸ ಕುಡಿಸಿ ಮನೆಗೆ ಕಳಿಸಿದಳು. ಇನ್ನೊಂದು ದಿನ ಹೊಸ ಬೂಟು ಹೆಬ್ಬೆರಳಿಗೆ ಕಚ್ಚಿ, ಆ ಗಾಯ ಮಾಯುವ ತನಕ ವಾರವಿಡೀ ರಜೆ. ಹತ್ತನೇ ವಾರದಲ್ಲಿ ಒಂದು ದಿನ ಅಳುವೇ ಬಂತು. "ಆಗಲ್ಲ ರೀ," ಎಂದಳು ನಡುವೆ. ಯಜಮಾನರು ಸ್ಟೂಲು ಹತ್ತಿರ ಎಳೆದುಕೊಂಡು, "ಇನ್ನೊಂದೇ ತಿರುವು," ಎಂದರು, ಬಸ್ಸಿನಲ್ಲಿ ಹೊಟ್ಟೆ ತೊಳಸುವ ಪ್ರಯಾಣಿಕರಿಗೆ ಹೇಳುತ್ತಿದ್ದ ದನಿಯಲ್ಲಿ. ಅದು ಸುಳ್ಳು, ಇನ್ನೂ ಎರಡು ಸುತ್ತು ಬಾಕಿ ಇತ್ತು. ಅಕ್ಕನಿಗೂ ಗೊತ್ತಿತ್ತು. ತುಳಿದಳು.

ಸ್ಕ್ಯಾನಿನ ದಿನ ಕೋಣೆ ಕತ್ತಲಾಗಿತ್ತು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಕ್ಕ ಉಸಿರು ಬಿಗಿಹಿಡಿದು ನೋಡಿದಳು, ಏನೂ ಅರ್ಥವಾಗಲಿಲ್ಲ. ಆಮೇಲೆ ಮೂವರೂ ಡಾಕ್ಟರ ಎದುರಿಗೆ ಕುಳಿತರು. ಡಾಕ್ಟರು ಹಳೆಯ ಹಾಳೆ, ಹೊಸ ಹಾಳೆ ಪಕ್ಕಪಕ್ಕ ಇಟ್ಟು ಎಷ್ಟು ನಿಧಾನ ಮಾಡಿದರು ಎಂದರೆ ಮಗಳು ಎರಡು ಸಲ ಎದ್ದು ಕುಳಿತಳು.

"ಪೂರ್ತಿ ಹೊಸದಾಗಿಲ್ಲ," ಎಂದರು. "ಆದ್ರೆ ಸಡಿಲ ಬಿಟ್ಟು ತುಂಬಿಸ್ಕೊಳ್ಳೋದು ಮೊದಲಿಗಿಂತ ಚೆನ್ನಾಗಿದೆ. ಸ್ಪಷ್ಟವಾಗಿ ಚೆನ್ನಾಗಿದೆ. ಸಕ್ಕರೆ ಅಂಕಿ ಸ್ವಲ್ಪವೇ ಇಳಿದಿದೆ, ಮಾತ್ರೆ ಬಿಡೋ ಹಾಗಿಲ್ಲ."

"ಒಳಗೆ ಬಟ್ಟೆ ಇತ್ತು ಅನ್ನಿ."

"ಇತ್ತು. ಆದ್ರೆ ಅಮ್ಮ, ತುಳಿಯೋದು ಬಿಟ್ರೆ ಕೆಲವೇ ವಾರದಲ್ಲಿ ಮತ್ತೆ ಹಿಂದಕ್ಕೆ ಹೋಗ್ಬಹುದು."

"ಅಂದ್ರೆ ಇರೋ ತನಕ ತುಳೀಬೇಕಾ?"

"ಇರೋ ತನಕ."

ಅಕ್ಕ ಮಗಳ ಮುಖ ನೋಡಿದಳು. ಮಗಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಅಂಗಡಿ ನಡೀಲಮ್ಮ," ಎಂದಳು ಮೆಲ್ಲಗೆ. "ಆದ್ರೆ..."

"ಏನು ಆದ್ರೆ?"

"ಆದ್ರೆ ಏನಿಲ್ಲ. ಹಿಂದಿನ ಕೋಣೆಗೆ ಆಗ್ಲೇ ಬಣ್ಣ ಹೊಡೆಸ್ಬಿಟ್ಟಿದೀನಿ, ಅದನ್ನೇನು ಮಾಡ್ಲಿ ಅಂತ."

"ಅಳಿಯನಿಗೆ ಕೊಡು. ಗೊರಕೆ ಹೊಡೆಯೋಕೆ ಒಂದು ಜಾಗ ಆಗುತ್ತೆ," ಎಂದಳು ಅಕ್ಕ. ಆ ಮಾತಿಗೆ ಮಗಳು ನಕ್ಕಳು, ನಕ್ಕವಳು ಹಾಗೇ ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತಳು.  ಅಕ್ಕ ಮಗಳ ಬೆನ್ನು ಸವರಿದಳು.

ಕೆಳಗಿನ ಮಹಡಿಗೆ ಇಳಿದು ವಿಷಯ ಹೇಳಿದಾಗ ವ್ಯಾಯಾಮದ ಹುಡುಗಿ ಎರಡೂ ಕೈಯಿಂದ ಅಕ್ಕನ ಕೈ ಹಿಡಿದುಕೊಂಡಳು. ಆರು ವಾರ ಹಾಕಿದ ಸರಿ ಗುರುತುಗಳು ಅವಳ ನಿದ್ದೆ ಕೆಡಿಸಿದ್ದವು. ಈಗ ಅದನ್ನು ಹೇಳಿಕೊಂಡಳು. ಅಕ್ಕ ಅರ್ಧ ಕೇಳಿದಳು, ಅರ್ಧ ಬಿಟ್ಟಳು. ಅವಳ ಕಣ್ಣು ಹುಡುಗಿಯ ಬಿಳಿ ಕೋಟಿನ ಮೇಲಿತ್ತು.

"ಯಾರಮ್ಮಾ ಇದನ್ನ ಹೊಲಿದದ್ದು? ಭುಜ ಇಳಿದು ಮೊಣಕೈಗೆ ಬಂದಿದೆ."

"ಇಲ್ಲಿ ಎಲ್ಲರಿಗೂ ಒಂದೇ ಅಳತೆ ಅಕ್ಕ. ಮುಂದಿನ ವರ್ಷಕ್ಕೆ ಹೊಸದು ಹೊಲಿಸ್ಕೊಳ್ಳಿ ಅಂದಿದಾರೆ, ನಾಲ್ಕು ಜನಕ್ಕೆ. ಅವಸರ ಏನೂ ಇಲ್ಲ. ಇನ್ನೂ ಎಂಟು ತಿಂಗಳಿದೆ."

ಆಸ್ಪತ್ರೆಗೆ ಬರತೊಡಗಿದ ದಿನದಿಂದ ಅಕ್ಕ ಯಾವ ಗಿರಾಕಿಗೂ ಹತ್ತು ದಿನದಾಚೆಯ ತಾರೀಖು ಕೊಟ್ಟಿರಲಿಲ್ಲ. ಕೇಳಿದವರನ್ನೆಲ್ಲ ಏನೋ ನೆಪ ಹೇಳಿ ಬೇರೆ ಅಂಗಡಿಗೆ ಕಳಿಸಿದ್ದಳು. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ ಸಹ. ಈಗ ಕೈಚೀಲದಿಂದ ಅಳತೆಯ ಟೇಪು ತೆಗೆದು, "ನೆಟ್ಟಗೆ ನಿಂತ್ಕೋ," ಎಂದು ಹುಡುಗಿಯ ಭುಜ ಹಿಡಿದು ತಿರುಗಿಸಿದಳು. ಭುಜ, ತೋಳು, ಎದೆಸುತ್ತು. ಒಂದೊಂದನ್ನೂ ಗಟ್ಟಿಯಾಗಿ ಹೇಳಿದಳು, ಯಜಮಾನರು ಚೀಟಿಯಲ್ಲಿ ಬರೆದುಕೊಂಡರು.

"ತಾರೀಖು?" ಎಂದು ಕೇಳಿದರು ಅವರು.

ಅಕ್ಕ ಚೀಟಿಯನ್ನೂ ಪೆನ್ಸಿಲನ್ನೂ ಅವರ ಕೈಯಿಂದ ತೆಗೆದುಕೊಂಡಳು. ಎಂಟು ತಿಂಗಳಾಚೆಯ ಒಂದು ಸೋಮವಾರವನ್ನು ಬೆರಳಲ್ಲಿ ಎಣಿಸಿ, ದಪ್ಪ ಅಕ್ಷರದಲ್ಲಿ ಬರೆದು, ಹರಿದು ಹುಡುಗಿಯ ಕೈಗೆ ಕೊಟ್ಟಳು.